ಕಪ್ ನಮ್ದೇ, ತಂಡ ಯಾರ್ದು?



2025ರ ನವೆಂಬರ್‌ನಲ್ಲಿ ಕ್ರೀಡಾ ಪುಟದಲ್ಲಿ ಬರಬೇಕಾದ ಒಂದು ಸುದ್ದಿ ವ್ಯಾಪಾರದ ಪುಟದಲ್ಲಿ ಬಂತು. ನಮ್ಮ ಆರ್‌ಸಿಬಿ ತಂಡವನ್ನು ಇಟ್ಕೊಳ್ಳೋದಾ, ಮಾರೋದಾ ಅಂತ ಪರಿಶೀಲನೆ ಮಾಡ್ತೀವಿ ಎಂದು ಅದರ ಒಡೆತನ ಇದ್ದ ಕಂಪನಿ ಷೇರು ಮಾರುಕಟ್ಟೆಗೆ ತಿಳಿಸಿತು. ತಂಡದ ಹೆಸರಲ್ಲಿ ಬೆಂಗಳೂರು ಇದೆ. ಆಗ ಒಡೆತನ ಯುನೈಟೆಡ್ ಸ್ಪಿರಿಟ್ಸ್‌ನದಾಗಿತ್ತು. ಅದರ ಹಿಂದೆ ಇರೋದು ಬ್ರಿಟನ್ನಿನ ಡಿಯಾಜಿಯೊ. 2008ರಲ್ಲಿ ವಿಜಯ್ ಮಲ್ಯ ಈ ತಂಡವನ್ನು 11 ಕೋಟಿ 16 ಲಕ್ಷ ಡಾಲರ್‌ಗೆ ತಗೊಂಡ್ರು. ಕಂಪನಿ ಕೈ ಬದಲಾಯ್ತು, ಮಲ್ಯ ದೇಶ ಬಿಟ್ಟು ಹೋದ್ರು, ಆಮೇಲೆ ತಂಡವೇ ಕೈ ಬದಲಾಗೋ ಹೊತ್ತು ಬಂತು.

ಇಷ್ಟು ವರ್ಷ ನಾವು ಏನಂತ ಕೂಗಿದ್ವಿ? ‘ಈ ಸಲ ಕಪ್ ನಮ್ದೇ.’ 2025ರ ಜೂನ್ 3ಕ್ಕೆ ಕಪ್ ಬಂತು. ಕಪ್ ನಮ್ದೇ ಸರಿ. ತಂಡ ಯಾರ್ದು ಸ್ವಾಮಿ? ಮಾರೋದಾ ಬಿಡೋದಾ ಅನ್ನೋ ಮಾತು ಬಂದಾಗ ನಿಮ್ಮನ್ನಾಗಲಿ ನನ್ನನ್ನಾಗಲಿ ಯಾರಾದ್ರೂ ಕೇಳಿದ್ರಾ?

ಈ ಪ್ರಶ್ನೆಯನ್ನ ಇವತ್ತು ಭಟ್ಕಳ, ಹೊನ್ನಾವರ, ಕುಮಟಾದ ವೀಕ್ಷಕರ ಮುಂದೆ ಇಡೋಕೆ ಒಂದು ಕಾರಣ ಇದೆ. ಹೊನ್ನಾವರದ ಕಡೆಯಿಂದ ಒಬ್ಬ ಉಪನ್ಯಾಸಕರು ಫೋನ್ ಮಾಡಿದ್ರು. ‘ಸರ್, ನಮ್ಮ ಜಿಲ್ಲೆಗೂ ಒಂದು ವಿಶ್ವವಿದ್ಯಾಲಯ ಬೇಕು ಅಂತ ಕೇಳ್ತಾ ಇದ್ದೇವೆ. ಬಂದರೆ ಅದರ ಕ್ಯಾಂಪಸ್ಸಿನಲ್ಲೇ ದೊಡ್ಡ ಸ್ಟೇಡಿಯಂ ಆಗಬೇಕಲ್ವಾ? ನಮ್ಮದೇ ಒಂದು ತಂಡ ಆಗಬೇಕಲ್ವಾ?’ ಅಂದ್ರು. ಆಸೆ ತಪ್ಪಲ್ಲ. ಆದರೆ ನನಗೆ ಕೂಡಲೇ ಹೌದು ಅನ್ನೋಕೆ ಬಾಯಿ ಬರಲಿಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ.

ಮೊದಲು ತಂಡದ ವಿಷಯ. ಈ ಮೂರು ತಾಲೂಕಿನವರಿಗೆ ತಂಡದ ಯಜಮಾನಿಕೆ ಅಂದ್ರೇನು ಅಂತ ಹೊಸದಾಗಿ ಪಾಠ ಮಾಡಬೇಕಾಗಿಲ್ಲ. ಐಪಿಎಲ್ ನೋಡಿ ಕಲಿತು, ಈಗ ಊರೂರಿಗೂ ಒಂದೊಂದು ಪ್ರೀಮಿಯರ್ ಲೀಗ್ ಇದೆ. ಸಭಾಭವನದಲ್ಲಿ ಹರಾಜು ನಡೆಯುತ್ತೆ. ಆಟಗಾರನ ಫೋಟೊ ಪರದೆ ಮೇಲೆ ಬರುತ್ತೆ, ಪಾಯಿಂಟ್ ಲೆಕ್ಕದಲ್ಲಿ ಕೂಗ್ತಾರೆ. ತಂಡದ ಮಾಲೀಕರು ಯಾರು ಅಂತ ನೋಡಿದ್ರೆ ಒಬ್ಬರು ದುಬೈಯಲ್ಲಿ ಇರೋರು, ಒಬ್ಬರು ಗೋವಾದಲ್ಲಿ ಗುತ್ತಿಗೆ ಕೆಲಸ ಮಾಡೋರು, ಒಬ್ಬರು ಬೆಂಗಳೂರಲ್ಲಿ ಬೇಕರಿ ಇಟ್ಟೋರು, ಇನ್ನೊಬ್ಬರಿಗೆ ಮೀನುಗಾರಿಕೆ ಬೋಟ್ ಇದೆ. ಊರಿನ ಮೇಲಿನ ಪ್ರೀತಿಗೆ ದುಡ್ಡು ಹಾಕ್ತಾರೆ. ಜೆರ್ಸಿ ಹೊಲಿಸ್ತಾರೆ, ಟ್ರೋಫಿ ತರಿಸ್ತಾರೆ, ಹುಡುಗರಿಗೆ ಊಟ ಹಾಕಿಸ್ತಾರೆ. ನಾನು ಇದನ್ನ ಹಗುರವಾಗಿ ನೋಡೋನಲ್ಲ.

ಆದರೆ ಮುಂದಿನ ವರ್ಷ ಏನಾಗುತ್ತೆ? ಆ ಮಾಲೀಕರಿಗೆ ಗಲ್ಫ್‌ನಲ್ಲಿ ವ್ಯಾಪಾರ ಚೆನ್ನಾಗಿಲ್ಲ ಅಂದ್ರೆ ತಂಡ ಇಲ್ಲ. ಹೆಸರು ಬದಲು, ಜೆರ್ಸಿ ಬದಲು, ಹುಡುಗ ಮತ್ತೆ ಹರಾಜಿಗೆ. ಮೂರು ದಿನದ ಹೊನಲು ಬೆಳಕಿನ ಪಂದ್ಯಾವಳಿಗೆ ಲಕ್ಷಗಟ್ಟಲೆ ಖರ್ಚಾಗುತ್ತೆ. ಉಳಿದ 362 ದಿನ ಅದೇ ಹುಡುಗ ಅಭ್ಯಾಸ ಮಾಡೋದು ಎಲ್ಲಿ? ಕೊಯ್ಲಾದ ಗದ್ದೆಯಲ್ಲಿ, ಇಲ್ಲಾಂದ್ರೆ ಕಡಲ ತೀರದ ಮರಳಲ್ಲಿ.

ನಿಮ್ಮ ಕಡೆಯದೇ ಉದಾಹರಣೆ ಕೊಡ್ತೀನಿ. ಯಕ್ಷಗಾನ ಮೇಳಕ್ಕೂ ಯಜಮಾನ ಇರ್ತಾರೆ. ಎಷ್ಟು ಡೇರೆ ಮೇಳಗಳು ಬಂದವು, ಎಷ್ಟು ಹೋದವು! ಒಳ್ಳೇ ಕಲಾವಿದರಿದ್ದೂ, ಯಜಮಾನರ ಕೈ ಸೋತ ಕೂಡಲೇ ಡೇರೆ ಮಡಚಿದವು. ಅದೇ ಹೊನ್ನಾವರದ ಗುಣವಂತೆಯಲ್ಲಿ ನೋಡಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ರು. ಅದು ಇವತ್ತಿಗೂ ಇದೆ. ಯಾಕೆ? ಆ ಮನೆಯವರು ಬರೀ ಆಟ ಆಡಿಸಲಿಲ್ಲ, ಕಲಿಸೋ ಕೆಲಸಕ್ಕೂ ನಿಂತ್ರು. ಯಜಮಾನನೇ ವೇಷ ಕಟ್ಟಿ ರಂಗಕ್ಕೆ ಬಂದ. ನಷ್ಟವೂ ಅವನದೇ, ಮಾನವೂ ಅವನದೇ.

ದೂರದ ಅಮೆರಿಕದಲ್ಲಿ ಗ್ರೀನ್ ಬೇ ಅಂತ ಒಂದು ಊರು. ಜನಸಂಖ್ಯೆ 1 ಲಕ್ಷದ ಆಸುಪಾಸು. ಅಲ್ಲಿನ ಫುಟ್‌ಬಾಲ್ ತಂಡ ಪ್ಯಾಕರ್ಸ್, ಅವರ ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡುತ್ತೆ. ಅದಕ್ಕೆ ಒಬ್ಬ ಮಾಲೀಕ ಇಲ್ಲ. 1923ರಿಂದ ಜನರೇ ಷೇರುದಾರರು, ಈಗ 5 ಲಕ್ಷಕ್ಕೂ ಹೆಚ್ಚು. ಷೇರಿಗೆ ಲಾಭಾಂಶ ಇಲ್ಲ, ತಂಡವನ್ನ ಬೇರೆ ಊರಿಗೆ ಎತ್ಕೊಂಡು ಹೋಗೋಕೂ ಆಗಲ್ಲ. ಇದೇನು ಅದ್ಭುತ ಅಲ್ಲ ವೀಕ್ಷಕರೇ. ನಮ್ಮ ಸೊಸೈಟಿಗಳ ಹಾಗೇ, ಸದಸ್ಯತ್ವದ ಲೆಕ್ಕ. ಅಡಿಕೆಗೆ ಸೊಸೈಟಿ, ಮೀನಿಗೆ ಸೊಸೈಟಿ ಕಟ್ಟಿದ ಜಿಲ್ಲೆಗೆ ಕಬಡ್ಡಿ ತಂಡಕ್ಕೊಂದು ಸೊಸೈಟಿ ಕಟ್ಟೋದು ಕಷ್ಟವಾ? ಸಾವಿರ ರೂಪಾಯಿ ಷೇರು, ವರ್ಷಕ್ಕೊಂದು ಸಾಮಾನ್ಯ ಸಭೆ, ಲೆಕ್ಕಪತ್ರ ಎಲ್ಲರ ಮುಂದೆ. ಹಾಗೆ ಮಾಡಿದ್ರೆ ಮಾಲೀಕನ ಮೂಡ್ ಹೇಗಿದೆ ಅಂತ ಹುಡುಗರು ಕಾಯಬೇಕಾಗಿಲ್ಲ.

ಸರಿ, ಈಗ ಸ್ಟೇಡಿಯಂ.

ವಿಶ್ವವಿದ್ಯಾಲಯದ ಬೇಡಿಕೆಗೆ ನನ್ನ ಬೆಂಬಲ ಇದೆ, ಅದರಲ್ಲಿ ಅನುಮಾನ ಬೇಡ. ಕುಮಟಾದ ಬಾಳಿಗಾ ಕಾಲೇಜಿನ ಹುಡುಗನಾಗಲಿ ಹೊನ್ನಾವರದ ಎಸ್‌ಡಿಎಂ ಕಾಲೇಜಿನ ಹುಡುಗಿಯಾಗಲಿ, ವಿಶ್ವವಿದ್ಯಾಲಯ ಅಂದ್ರೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು. ಭಟ್ಕಳದಿಂದ ಅದು 200 ಕಿ.ಮೀ. ದೂರದ ಮಾತು. ಒಂದು ಅಂಕಪಟ್ಟಿ ತಿದ್ದುಪಡಿಗೂ ಅಷ್ಟು ದೂರ, ಅಂತರ ಕಾಲೇಜು ಟೂರ್ನಿಯಲ್ಲಿ ಆಡಿ ‘ಯೂನಿವರ್ಸಿಟಿ ಬ್ಲೂ’ ಆಗಬೇಕಾದ್ರೂ ಅಷ್ಟು ದೂರ. ಹಾವೇರಿಗೆ ಬಂತು, ಕೊಡಗಿಗೆ ಬಂತು, ಕೊಪ್ಪಳಕ್ಕೆ ಬಂತು, ಉತ್ತರ ಕನ್ನಡಕ್ಕೆ ಬರಲಿಲ್ಲ. ಆದರೆ ಆ ಹೊಸ ವಿಶ್ವವಿದ್ಯಾಲಯಗಳ ಗತಿ ಏನಾಯ್ತು ಅಂತಲೂ ನೋಡಿ. ಕಟ್ಟಿ ಎರಡು ವರ್ಷ ಆಗೋದರೊಳಗೆ ದುಡ್ಡಿಲ್ಲ, ಮುಚ್ಚೋಣ ಅನ್ನೋ ಮಾತು ವಿಧಾನಸೌಧದಿಂದಲೇ ಬಂತು. ಪಾಠ ಮಾಡೋರಿಗೆ ಸಂಬಳ ಕೊಡೋಕೆ ತಿಣುಕಾಡೋ ವಿಶ್ವವಿದ್ಯಾಲಯ ಗ್ಯಾಲರಿ ಕಟ್ಟಬೇಕಾ?

ಅಮೆರಿಕದ ವಿಶ್ವವಿದ್ಯಾಲಯಗಳು ಕಟ್ತವೆ, ನಿಜ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1 ಲಕ್ಷ 7 ಸಾವಿರ ಜನ ಕೂತ್ಕೋಬಹುದು. ಆದರೆ ಅಲ್ಲಿ ತಂಡ ವಿಶ್ವವಿದ್ಯಾಲಯದ್ದೇ, ಟಿಕೆಟ್ ಹಣ ಅವರದೇ, ಟಿವಿ ಹಕ್ಕಿನ ಹಣವೂ ಬರುತ್ತೆ. ಹಳೇ ವಿದ್ಯಾರ್ಥಿಗಳು ಮೊಮ್ಮಕ್ಕಳನ್ನ ಕರ್ಕೊಂಡು ಬಂದು ಕೂರ್ತಾರೆ. ನಮ್ಮಲ್ಲಿ ಅಂತರ ಕಾಲೇಜು ವಾಲಿಬಾಲ್ ಫೈನಲ್ ನೋಡೋಕೆ ಎಷ್ಟು ಜನ ಟಿಕೆಟ್ ತಗೋತಾರೆ? ಕಾಲೇಜಿನವರೇ ಕ್ಲಾಸ್ ಬಿಟ್ಟು ಮಕ್ಕಳನ್ನ ಕಳಿಸಬೇಕು!

ಇನ್ನು ಕರಾವಳಿಯ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಬಾಯಿ ಬಿಟ್ಕೊಂಡಿರುತ್ತೆ. ವರ್ಷಕ್ಕೆ 3 ಸಾವಿರ ಮಿಲಿಮೀಟರ್ ದಾಟೋ ಮಳೆ. ಉಪ್ಪುಗಾಳಿಗೆ ಮನೆಯ ಕಿಟಕಿ ಸರಳೇ ಉಳಿಯಲ್ಲ, ಗ್ಯಾಲರಿಯ ಕಬ್ಬಿಣ ಉಳಿಯುತ್ತಾ? ಸಿಂಥೆಟಿಕ್ ಟ್ರ್ಯಾಕ್ ಹಾಕ್ತಾರೆ ಅಂತಿಟ್ಕೊಳ್ಳಿ. ಎಷ್ಟೇ ಚೆನ್ನಾಗಿ ನೋಡ್ಕೊಂಡ್ರೂ ಎಂಟು ಹತ್ತು ವರ್ಷಕ್ಕೆ ಅದರ ಮೇಲ್ಪದರ ಮತ್ತೆ ಹಾಕಿಸಬೇಕು. ಉದ್ಘಾಟನೆಗೆ ಮಂತ್ರಿ ಬರ್ತಾರೆ. ಮೇಲ್ಪದರ ಹಾಕಿಸೋಕೆ ಯಾರು ಬರ್ತಾರೆ?

ಮತ್ತೆ ಜಾಗ. ಒಂದು ಕಡೆ ಸಮುದ್ರ, ಒಂದು ಕಡೆ ಘಟ್ಟ, ನಡುವೆ ಇರೋ ಚೂರು ಸಮತಟ್ಟು ನೆಲದಲ್ಲಿ ರೈಲು ಹೋಗಬೇಕು, ಚತುಷ್ಪಥ ಹೆದ್ದಾರಿ ಹೋಗಬೇಕು, ಗದ್ದೆ ಉಳೀಬೇಕು, ಮನೆಗಳಿರಬೇಕು. ಸೀಬರ್ಡ್‌ಗೆ, ಕೈಗಾಗೆ, ಅಣೆಕಟ್ಟುಗಳಿಗೆ ನೆಲ ಕೊಟ್ಟು ಸುಸ್ತಾದ ಜಿಲ್ಲೆ ಇದು. ಎಂಟು ಲೇನಿನ 400 ಮೀಟರ್ ಓಟದ ಟ್ರ್ಯಾಕ್ ಒಂದಕ್ಕೇ ನಾಲ್ಕು ಎಕರೆ ಬೇಕು. ಸುತ್ತ ಗ್ಯಾಲರಿ, ಪಾರ್ಕಿಂಗ್ ಅಂದ್ರೆ ಇನ್ನೆಷ್ಟು ಅಂತ ನೀವೇ ಲೆಕ್ಕ ಹಾಕಿ. ಯಾರ ಗದ್ದೆ ಅಂತ ಕೇಳೋ ಹೊತ್ತಿಗೆ ನೋಟಿಸ್ ಬಂದಿರುತ್ತೆ.

ಹಾಗಾದ್ರೆ ಆಟ ಬೇಡವಾ? ಬೇಕು ವೀಕ್ಷಕರೇ, ಖಂಡಿತ ಬೇಕು. ಆದರೆ ಆಟಗಾರ ಹುಟ್ಟೋದು ಎಲ್ಲಿ ಅಂತ ನೋಡಬೇಕು. ಕೆ.ಎಲ್. ರಾಹುಲ್ ಬೆಳೆದದ್ದು ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್ಸಿನಲ್ಲಿ. ಅವರ ತಂದೆ ಅಲ್ಲಿ ಪ್ರಾಧ್ಯಾಪಕರಾಗಿದ್ರು. ತರಬೇತಿಗೆ ಬರ್ತಿದ್ದದ್ದು ಮಂಗಳೂರಿನ ನೆಹರೂ ಮೈದಾನಕ್ಕೆ. ಅದು ಊರಿಗೆ ತೆರೆದಿರೋ ಬಯಲು. ಅಲ್ಲೊಬ್ಬ ಕೋಚ್ ದಿನಾ ಬರ್ತಿದ್ರು. ರಾಹುಲ್‌ಗೆ ಬೇಕಾಗಿದ್ದದ್ದು ಅವೆರಡೇ, ಒಂದು ಬಯಲು ಮತ್ತು ಒಬ್ಬ ಕೋಚ್.

ಇನ್ನೊಬ್ಬರು ನಿಮ್ಮವರೇ, ಕುಮಟಾದ ರಾಘವೇಂದ್ರ. ಭಾರತ ತಂಡದವರೆಲ್ಲ ಅವರನ್ನ ‘ರಘು’ ಅಂತ ಕರೀತಾರೆ. ಟಿವಿಯಲ್ಲಿ ನೀವು ನೋಡಿರ್ತೀರಿ. 2022ರ ಟಿ20 ವಿಶ್ವಕಪ್‌ನಲ್ಲಿ ಅಡಿಲೇಡ್‌ನಲ್ಲಿ ಮಳೆ ಬಂದು ಮೈದಾನ ಒದ್ದೆ ಆಗಿತ್ತಲ್ಲ, ಬಾಂಗ್ಲಾದೇಶದ ವಿರುದ್ಧದ ಪಂದ್ಯ, ಆಗ ಕೈಯಲ್ಲಿ ಬ್ರಷ್ ಹಿಡಿದು ಬೌಂಡರಿ ಸುತ್ತ ಓಡಾಡ್ತಾ ಆಟಗಾರರ ಶೂಗೆ ಹತ್ತಿದ ಕೆಸರು ತೆಗೀತಿದ್ದವರು ಅವರೇ. ಅವರ ನಿಜವಾದ ಕೆಲಸ ನೆಟ್ಸ್‌ನಲ್ಲಿ. ಸೈಡ್‌ಆರ್ಮ್ ಹಿಡಿದು ಗಂಟೆಗೆ 150 ಕಿ.ಮೀ. ಆಸುಪಾಸಿನ ವೇಗದಲ್ಲಿ ಚೆಂಡು ಎಸೀತಾರೆ. ತನ್ನ ಬ್ಯಾಟಿಂಗ್ ಸುಧಾರಿಸಿದ್ದರಲ್ಲಿ ರಘು ಪಾತ್ರ ದೊಡ್ಡದು ಅಂತ ವಿರಾಟ್ ಕೊಹ್ಲಿಯೇ ಹೇಳಿದ್ದಾರೆ. ಈ ಮನುಷ್ಯ ಆಡೋ ಆಸೆಯಿಂದ ಊರು ಬಿಟ್ಟು ಹುಬ್ಬಳ್ಳಿಗೆ ಹೋದ್ರು. ಕೈ ಪೆಟ್ಟಾಗಿ ಆಡೋ ಕನಸು ಮುರೀತು. ಚೆಂಡು ಎಸೆಯೋದನ್ನೇ ವಿದ್ಯೆ ಮಾಡಿಕೊಂಡು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಸೇರಿದ್ರು, 2011ರಲ್ಲಿ ಭಾರತ ತಂಡದ ಜೊತೆಯಾದ್ರು.

ಅವರು ಊರು ಬಿಡಬೇಕಾಯ್ತು ಅನ್ನೋದೇ ನನ್ನ ದೂರು. ಅವತ್ತು ಕುಮಟಾದಲ್ಲಿ ಸ್ಟೇಡಿಯಂ ಇದ್ದಿದ್ರೆ ಅವರು ಉಳೀತಿದ್ರಾ? ನನಗೆ ಹಾಗನ್ನಿಸೋದಿಲ್ಲ. ಒಂದು ಟರ್ಫ್ ಪಿಚ್, ಒಂದು ನೆಟ್, ದಿನಾ ಸಂಜೆ ಬರೋ ಒಬ್ಬ ಕೋಚ್ ಇದ್ದಿದ್ರೆ ಉಳೀತಿದ್ರೋ ಏನೋ. ಕುಮಟಾಕ್ಕೆ ಮಣಕಿ ಮೈದಾನ ಇದೆ. ಅಲ್ಲಿ ಚುನಾವಣಾ ಸಭೆ ಆಗುತ್ತೆ, ಉತ್ಸವ ಆಗುತ್ತೆ. ಪೆಂಡಾಲಿನ ಗೂಟ ಕಿತ್ತ ಗುಂಡಿ ಮುಚ್ಚದೇ ಹೋದ್ರೆ ಮರುದಿನ ಓಡೋ ಹುಡುಗಿಯ ಕಾಲು ಉಳುಕುತ್ತೆ. ಇದು ಕುಮಟಾದ ಕಥೆ ಮಾತ್ರ ಅಲ್ಲ, ರಾಜ್ಯದ ಎಲ್ಲಾ ತಾಲೂಕು ಮೈದಾನಗಳ ಕಥೆ.

ಹುಡುಗಿ ಅಂದೆ. ಹೆಣ್ಣುಮಕ್ಕಳ ಮಾತು ಬಂದ್ರೆ ಸ್ಟೇಡಿಯಂ ನಕ್ಷೆ ಮಾಡೋರಿಗೆ ನೆನಪಾಗೋದು ವಿಐಪಿ ಗೇಟು. ಬಟ್ಟೆ ಬದಲಿಸೋ ಕೋಣೆ, ನೀರಿರೋ ಶೌಚಾಲಯ, ಸಂಜೆ ಆರೂವರೆ ನಂತರ ಒಳಗಿನ ಹಳ್ಳಿಗಳಿಗೆ ಒಂದು ಬಸ್ಸು. ಈ ಮೂರು ಸಿಕ್ಕಿದ್ರೆ ಗೇರುಸೊಪ್ಪೆ ಕಡೆಯ ಹುಡುಗಿ ಕಬಡ್ಡಿ ಅಭ್ಯಾಸ ಮುಗಿಸಿ ಮನೆ ಸೇರಬಹುದು. ಮೂರಕ್ಕೂ ಕೋಟಿ ಬೇಕಾಗಿಲ್ಲ.

ಈಗ ನೀವು ಕೇಳ್ತೀರಿ, ನನಗೆ ಗೊತ್ತು: ‘ಆಸ್ಪತ್ರೆಯೇ ಇಲ್ಲದ ಜಿಲ್ಲೆಗೆ ಆಟ ಎಂತಕ್ಕೆ ಮಾರಾಯ್ರೇ?’ 2022ರ ಜುಲೈ 20ನ್ನ ಯಾರೂ ಮರೆತಿಲ್ಲ. ಹೊನ್ನಾವರದಿಂದ ರೋಗಿಯನ್ನ ಉಡುಪಿ ಕಡೆ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಬಿತ್ತು, ನಾಲ್ಕು ಜೀವ ಹೋಯ್ತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗ್ತಿದೆ. ನೂರಾರು ಕೋಟಿ ಎಲ್ಲಿಂದಾದ್ರೂ ಬಂದ್ರೆ ಅದು ಮೊದಲು ಆಸ್ಪತ್ರೆಗೆ ಹೋಗಲಿ, ಎರಡು ಮಾತಿಲ್ಲ. ಆದರೆ ಆಸ್ಪತ್ರೆ ಹೆಸರು ಹೇಳಿ ಮೈದಾನಕ್ಕೆ ಒಂದು ಲೋಡ್ ಕೆಂಪು ಮಣ್ಣೂ ಹಾಕದೇ ಇರೋರನ್ನ ನಂಬಬೇಡಿ. ಅವರು ಆಸ್ಪತ್ರೆಯನ್ನೂ ಕಟ್ಟಲ್ಲ.

ದೊಡ್ಡ ಸ್ಟೇಡಿಯಂ ಅಂದ ಕೂಡಲೇ ನನಗೆ ಇನ್ನೊಂದು ದಿನ ನೆನಪಾಗುತ್ತೆ. ಜೂನ್ 4. ಕಪ್ ಗೆದ್ದ ಮರುದಿನ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಹೊರಗೆ 11 ಜನ ಸತ್ರು. ನಾವು ಇದೇ ಸ್ಟುಡಿಯೋದಲ್ಲಿ ಸಂಭ್ರಮದ ನೇರಪ್ರಸಾರ ಮಾಡ್ತಿದ್ದೋರು, ಅದೇ ಪರದೆ ಮೇಲೆ ಸಾವಿನ ಸಂಖ್ಯೆ ಹಾಕಬೇಕಾಯ್ತು. ನಾವೂ ಜನರನ್ನ ‘ಬನ್ನಿ ಬನ್ನಿ’ ಅಂತ ಕರೆದವರೇ, ಆ ಭಾರ ನಮ್ಮ ಮೇಲೂ ಇದೆ. ಆಮೇಲೆ ಏನಾಯ್ತು? ತಂಡದವರು ಒಬ್ಬರ ಕಡೆ ಕೈ ತೋರಿಸಿದ್ರು, ಸಂಸ್ಥೆಯವರು ಇನ್ನೊಬ್ಬರ ಕಡೆ, ಸರ್ಕಾರ ಪೊಲೀಸರ ಕಡೆ. ಅಷ್ಟು ದೊಡ್ಡ ಊರಿನ ನಡುವೆ, ಅಷ್ಟು ಹಳೇ ಸಂಸ್ಥೆ ನೋಡ್ಕೊಳ್ಳೋ ಸ್ಟೇಡಿಯಂ ದೊಡ್ಡ ಜನಜಂಗುಳಿಗೆ ಸುರಕ್ಷಿತ ಅಲ್ಲ ಅಂತ ನ್ಯಾಯಮೂರ್ತಿ ಕುನ್ಹಾ ಆಯೋಗ ಹೇಳಿತು. ಗೇಟು ಯಾರ ಜವಾಬ್ದಾರಿ ಅನ್ನೋದು ಜನ ಸೇರೋ ಮೊದಲೇ ಗೊತ್ತಿರಬೇಕಿತ್ತು.

ಅದಕ್ಕೇ ಆ ಉಪನ್ಯಾಸಕರಿಗೆ ನಾನು ಹೇಳಿದ್ದು ಇಷ್ಟು. ಸರ್, ವಿಶ್ವವಿದ್ಯಾಲಯ ಕೇಳಿ, ಬಿಡಬೇಡಿ. ಬಂದಾಗ ನಕ್ಷೆಯಲ್ಲಿ ಮೊದಲು ಮೈದಾನಕ್ಕೆ ಜಾಗ ಗುರುತು ಮಾಡಿಸಿ, ಸುತ್ತ ಚರಂಡಿ ಮಾಡಿಸಿ, ಗ್ಯಾಲರಿ ಬೇಡ. ಮಳೆಗಾಲಕ್ಕೆ ಒಂದು ಶೀಟಿನ ಮಾಡು, ಅದರಡಿ ಎರಡು ಕಬಡ್ಡಿ ಮ್ಯಾಟ್. ಖಾಲಿ ಬಿದ್ದಿರೋ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ತುಂಬಿಸಿ. ಆಮೇಲೆ ಒಂದು ಕರಾರು ಬರೆಸಿ, ಸಂಜೆ ಐದರಿಂದ ಏಳರವರೆಗೆ ಮೈದಾನ ಊರಿನ ಮಕ್ಕಳಿಗೂ ತೆರೆದಿರಬೇಕು, ಕಾಲೇಜಿನ ಗುರುತಿನ ಚೀಟಿ ಕೇಳಬಾರದು ಅಂತ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ನಕ್ಕು ಹೇಳಿದ್ರು: ‘ಮೈದಾನ ಈಗಲೂ ನಮ್ಮ ಕಾಲೇಜಿಗೆ ಇದೆ ಸರ್. ಐದು ಗಂಟೆಗೆ ಗೇಟಿಗೆ ಬೀಗ ಹಾಕ್ತಾರೆ. ಹುಡುಗರು ಕಂಪೌಂಡ್ ಹಾರಿ ಬರ್ತಾರೆ.’

ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳಿದೆ. ನಾಳೆ ವಿಚಾರಿಸಿ ಹೇಳ್ತೀನಿ ಅಂದ್ರು. ಅವರ ಫೋನಿಗೆ ಕಾಯ್ತಾ ಇದ್ದೀನಿ. ನಿಮ್ಮ ಊರಿನ ಮೈದಾನದ ಬೀಗದ ಕೈ ಯಾರ ಹತ್ರ ಇದೆ ಅಂತ ನೀವೂ ವಿಚಾರಿಸಿ, ನಮಗೆ ಬರೆದು ಕಳಿಸಿ.