ಅಟ್ಟದ ಮೇಲೊಂದು ಕೆಲಸದ ಮೂಲೆ

ಇಳಕಲ್ಲಿನ ನೇಕಾರರ ಮನೆಯನ್ನು ನೀವು ನೋಡಿದ್ದರೆ, ಅಲ್ಲಿ ಮೊದಲ ಯಜಮಾನ ಮಗ್ಗವೇ ಎಂಬುದನ್ನು ಕಂಡಿರುತ್ತೀರಿ. ನಡುಮನೆಯ ಒಳ್ಳೆಯ ಜಾಗವೆಲ್ಲ ಕುಣಿಮಗ್ಗದ ಪಾಲು. ಅದರ ಸುತ್ತ ರಾಟಿ, ಕಂಡಿಕೆಯ ಬುಟ್ಟಿ, ಬಣ್ಣದ ನೂಲಿನ ಲಡಿ. ಇವುಗಳ ನಡುವೆಯೇ ಊಟ, ನಿದ್ದೆ, ಮಕ್ಕಳ ಓದು. ಜಾಗ ಸಾಲದೆಂಬ ಮಾತು ಬಂದಾಗ ಕಣ್ಣು ತಾನಾಗಿಯೇ ಅಟ್ಟದತ್ತ ಹೋಗುತ್ತದೆ. ಅಲ್ಲಿ ಇರುವುದೇನು? ಕಾಲು ಮುರಿದ ತೊಟ್ಟಿಲು, ತೂತುಬಿದ್ದ ಹಂಡೆ, ಎಂದಾದರೂ ಬೇಕಾದೀತೆಂದು ಇಟ್ಟ ಚೀಲಗಳು. ಮಾಡು ಎತ್ತರಿಸದೆ, ಗೋಡೆ ಒಡೆಯದೆ, ಸಾಲ ಮಾಡದೆ ಇದನ್ನೊಂದು ಕೆಲಸದ ತಾಣವಾಗಿ ಮಾಡಿಕೊಳ್ಳಬಹುದೇ? ಖಂಡಿತ ಮಾಡಿಕೊಳ್ಳಬಹುದು. ಆದರೆ ಯಾವ ಕೆಲಸ ಮೇಲೇರಬಲ್ಲದು, ಯಾವುದು ಏರಲಾರದು ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ಮಗ್ಗವಂತೂ ಏರಲಾರದು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ೧೮ನೆಯ ಶತಮಾನದ ರೇಷ್ಮೆ ನೇಕಾರರು ಮನೆಯ ತುದಿಯ ಅಟ್ಟದಲ್ಲಿಯೇ ಮಗ್ಗ ಹೂಡುತ್ತಿದ್ದರು. ಮೋಡ ಕವಿದ ಆ ನಾಡಿನಲ್ಲಿ ಬೆಳಕು ದೊರೆಯಲೆಂದು ಅಟ್ಟಕ್ಕೆ ಅಗಲವಾದ ಕಿಟಕಿಗಳನ್ನು ಇಡುತ್ತಿದ್ದರು. ಅವರದು ಚೌಕಟ್ಟಿನ ಮಗ್ಗ; ಅದಕ್ಕೆ ನೆಲದ ಹಂಗಿಲ್ಲ. ನಮ್ಮ ನೇಕಾರನಾದರೋ ನೆಲಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುವವನು. ನೆಲದ ತಂಪು ಹತ್ತಿಯ ನೂಲಿಗೆ ಹಿತ. ಒಣಗಾಳಿಯಲ್ಲಿ ಎಳೆ ಹರಿಯುತ್ತದೆ. ಮೇಲಾಗಿ, ದಿನವಿಡೀ ಬೀಳುವ ಮಗ್ಗದ ಪೆಟ್ಟನ್ನು ಅಟ್ಟದ ಜಂತಿಗಳು ತಾಳಲಾರವು.

ಹಾಗಾದರೆ ಏನು ಏರಬಹುದು? ಸೀರೆಗೆ ಕಸೂತಿ ಹಾಕುವುದು, ಅಂಚಿಗೂ ಸೆರಗಿಗೂ ಬಣ್ಣದ ಎಳೆಗಳನ್ನು ಹೊಂದಿಸಿ ನೋಡುವುದು, ನೇಯ್ದ ಸೀರೆಯ ದೋಷ ಪರೀಕ್ಷಿಸಿ ಮಡಿಸುವುದು, ಲೆಕ್ಕ ಬರೆಯುವುದು. ಈಗಂತೂ ಸೀರೆಯ ಚಿತ್ರ ತೆಗೆದು ದೂರದ ಗಿರಾಕಿಗೆ ಫೋನಿನಲ್ಲಿ ಕಳಿಸುವುದೂ ಒಂದು ಕೆಲಸವೇ. ಇವೆಲ್ಲ ಕುಳಿತು ಮಾಡುವ ಕೆಲಸಗಳು. ನಮ್ಮ ಅನುಕೂಲವಿರುವುದು ಇಲ್ಲಿಯೇ. ಮೇಜು ಕುರ್ಚಿ ಹಾಕಿ ಓಡಾಡುವವರಿಗೆ ಪೂರ್ತಿ ಎತ್ತರದ ಮಾಳಿಗೆ ಬೇಕು. ಚಾಪೆ ಹಾಸಿ ಕುಳಿತುಕೊಳ್ಳುವವರಿಗೆ ೪-೪½ ಅಡಿ ಎತ್ತರ ಸಾಕು. ಹೆಚ್ಚಿನ ಖರ್ಚೆಲ್ಲ ಉಳಿಯುವುದು ಈ ಒಂದು ಕಾರಣದಿಂದ.

ಕಂಡಿಕೆ ಸುತ್ತುವುದನ್ನು ನಾನು ಬೇಕೆಂದೇ ಈ ಮಾತಿನಲ್ಲಿ ಸೇರಿಸಲಿಲ್ಲ. ಎಷ್ಟೋ ಮನೆಗಳಲ್ಲಿ ಅದು ಮುದುಕಿಯ ಕೆಲಸ. ಮೊಣಕಾಲು ನೋವಿನ ಅತ್ತೆಯನ್ನು ಏಣಿ ಹತ್ತಿಸುವುದು ಯಾವ ನ್ಯಾಯ? ಸೊಸೆಯೋ ಮಗಳೋ ಸುತ್ತುವವರಾಗಿದ್ದರೆ ಮಾತು ಬೇರೆ: ಅಟ್ಟದ ಬಾಯಿಂದ ಒಂದು ಹಗ್ಗಕ್ಕೆ ಬುಟ್ಟಿ ಕಟ್ಟಿ ಕಂಡಿಕೆ ಇಳಿಸಿದರಾಯಿತು. ಅಟ್ಟದ ಯೋಚನೆ ಬಂದಾಗ ಬಡಿಗೇರನನ್ನು ಕರೆಯುವ ಮುಂಚೆ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಮೇಲೆ ಕುಳಿತು ದುಡಿಯುವವರು ಹೆಚ್ಚಾಗಿ ಅವರೇ.

ಬಡಿಗೇರ ಬಂದ ಮೇಲೆ ಜಂತಿಗಳ ನಡುವನ್ನಷ್ಟೇ ತೋರಿಸಿ ಕಳಿಸಬೇಡಿರಿ. ಜಂತಿಯ ತುದಿ ಗೋಡೆಯೊಳಗೆ ಹೊಕ್ಕಿರುತ್ತದಲ್ಲ, ತೇವವೂ ಗೆದ್ದಲೂ ಸೇರುವುದು ಅಲ್ಲಿಯೇ. ತಟ್ಟಿದಾಗ ಟೊಳ್ಳು ದನಿ ಬಂದರೆ ಆ ಜಂತಿಯನ್ನು ಬದಲಾಯಿಸದೆ ಯಾರನ್ನೂ ಮೇಲೆ ಕಳಿಸಕೂಡದು. ಹಲಗೆಗಳನ್ನು ಜಂತಿಗಳಿಗೆ ಅಡ್ಡಲಾಗಿ ಹಾಸಿರಿ. ಭಾರ ಹಲವು ಜಂತಿಗಳಿಗೆ ಹಂಚಿಹೋಗುತ್ತದೆ. ಟ್ರಂಕು, ಪೆಟ್ಟಿಗೆಗಳು ಗೋಡೆಯ ಬದಿಗಿರಲಿ.

ಆ ಟ್ರಂಕಿನ ವಿಷಯ ಇನ್ನೂ ಒಂದು ಮಾತಿದೆ. ಜೋರು ಮಳೆಗೆ ನೀರು ಮನೆಯೊಳಗೆ ಬಂದರೆ ಮೊದಲು ತುಂಬುವುದು ಮಗ್ಗದ ಕುಣಿ, ಆಮೇಲೆ ನೆನೆಯುವುದು ನೆಲದ ಮೇಲಿನ ನೂಲು. ಆ ನೂಲು ಎಷ್ಟೋ ವೇಳೆ ಮನೆಯವರದಲ್ಲ, ಸಾವಕಾರರಿಂದ ತಂದದ್ದು. ಕೆಟ್ಟರೆ ಕೂಲಿಯಲ್ಲಿ ಮುರಿದುಕೊಳ್ಳುವುದುಂಟು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ಅದರ ಹೆಸರಿಗೆ ಕಾನೂನಿನ ಕಾವಲು ಬಂದಿತು. ನೂಲಿಗೆ ಕಾವಲು ಮನೆಯವರೇ ಆಗಬೇಕು. ಅಟ್ಟದ ಮೇಲೆ, ಇಲಿಗೆ ಎಟುಕದ ತಗಡಿನ ಟ್ರಂಕಿನಲ್ಲಿ ಅದು ಇದ್ದರೆ ಮಳೆಗಾಲದ ರಾತ್ರಿಯಲ್ಲಿ ಒಂದು ಚಿಂತೆ ಕಡಿಮೆ.

ಬೆಳಕಿಂಡಿ ಇದ್ದರೆ ಒಳ್ಳೆಯದು. ಬಣ್ಣ ಹೊಂದಿಸುವ ಕಣ್ಣಿಗೆ ಉತ್ತರದ ಬೆಳಕು ಮೇಲು. ದಿನವೆಲ್ಲ ಹೆಚ್ಚುಕಡಿಮೆಯಿಲ್ಲದೆ ಒಂದೇ ಸಮನಾಗಿರುತ್ತದೆ. ಬಣ್ಣದ ನೂಲಿನ ಮೇಲೆ ನೇರ ಬಿಸಿಲು ಮಾತ್ರ ಬೀಳಬಾರದು, ಬಣ್ಣ ಮಾಸುತ್ತದೆ. ಗಾಳಿಗೆ ಎದುರುಬದುರಾಗಿ ಎರಡು ಕಿಂಡಿಗಳು ಬೇಕು. ಬಿಸಿಗಾಳಿ ಏರಿ ನಿಲ್ಲುವುದೇ ಅಟ್ಟದಲ್ಲಿ. ಮಾಡಿನ ಹೊರಮೈಗೆ ಸುಣ್ಣ ಬಳಿದರೆ ಕಾವು ಒಂದಿಷ್ಟು ತಗ್ಗುತ್ತದೆ. ಇಷ್ಟಾದರೂ ನಮ್ಮ ಕಡೆಯ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಕ್ಕೆ ಮದ್ದಿಲ್ಲ. ಆಗ ಬೆಳಗಿನ ಹತ್ತರೊಳಗೆ ಮೇಲಿನ ಕೆಲಸ ಮುಗಿಸಿ ಕೆಳಗಿಳಿಯುವುದೇ ಲೇಸು.

ದೀಪಕ್ಕೆ ಕೆಳಗಿನ ಬಲ್ಬಿನಿಂದ ತಂತಿ ಎಳೆದು ಮೊಳೆಗೆ ಸುತ್ತುವ ಚಾಳಿ ಬಹಳ ಮನೆಗಳಲ್ಲಿದೆ. ನೂಲಿರುವಲ್ಲಿ ಒಂದು ಕಿಡಿ ಸಾಕು. ಕೊಳವೆಯೊಳಗೆ ತಂತಿ ಹಾಯಿಸಿ, ಕೆಳಗೇ ಒಂದು ಸ್ವಿಚ್ಚು ಇಡಿಸಿರಿ. ಏಣಿಯ ತಲೆಗೆ ಕಬ್ಬಿಣದ ಕೊಕ್ಕೆ ಹಾಕಿಸಿ ಅಟ್ಟದ ಅಂಚಿಗೆ ಸಿಕ್ಕಿಸಿರಿ. ಹತ್ತುವ ಕೈಗೆ ಹಿಡಿಯಲು ಅಟ್ಟದ ಬಾಯಿಯ ಬದಿಗೆ ಒಂದು ಗಟ್ಟಿ ಗೂಟವಿರಲಿ. ಉಳಿದ ಮೂರು ಬದಿಗೆ ಮೊಳಕಾಲೆತ್ತರದ ಕಟಾಂಜನ ಬೇಕು, ಅಮ್ಮ ಮೇಲಿದ್ದರೆ ಮಕ್ಕಳು ಹಿಂದೆಯೇ ಹತ್ತಿ ಬರುತ್ತಾರೆ.