ಎಲ್ಲೆಯ ಮೇಲಿನ ಹುಳಿ ಸೇಬು



ಹಳೆಯ ದಾಖಲೆಗಳಲ್ಲಿ ಬರುವ ಮರಗಿಡಗಳ ಹೆಸರನ್ನು ಕುರಿತ ಈ ಸಂಕಿರಣದ ಆಶಯ ಹೇಳಲು ನಾನು ಇಂಗ್ಲೆಂಡಿನ ಕಾಡುಸೇಬನ್ನು ಆರಿಸಿಕೊಂಡಿದ್ದೇನೆ. ಅಲ್ಲಿನವರು ಅದನ್ನು ಕ್ರ್ಯಾಬ್ ಆಪಲ್ ಎನ್ನುತ್ತಾರೆ. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಹಳದಿ-ಹಸಿರು ಹಣ್ಣು. ಕಚ್ಚಿದರೆ ಹುಳಿಯ ಹಿಂದೆಯೇ ಒಗರು. ಕೊಂಬೆಗಳಲ್ಲಿ ಮುಳ್ಳು. ಬಲಿತ ಎಲೆಯನ್ನು ಮಗುಚಿದರೆ ಅಡಿಭಾಗ ನುಣುಪು. ತೋಟದ ಸೇಬಿನ ಎಲೆಯಡಿ ನವಿರು ರೋಮ. ತೋಟದ ಸೇಬಿನ ಮೂಲ ಮಧ್ಯ ಏಷ್ಯಾದ ತಿಯೆನ್ ಶಾನ್ ಬೆಟ್ಟಗಳಲ್ಲಿದೆ. ಕಾಡುಸೇಬು ಬ್ರಿಟನ್ನಿನ ನೆಲದ್ದೇ.

ಆಂಗ್ಲೋ-ಸ್ಯಾಕ್ಸನ್ ಕಾಲದ ದಾನಪತ್ರಗಳಲ್ಲಿ ದಾನದ ಮಾತೆಲ್ಲ ಲ್ಯಾಟಿನ್ನಿನಲ್ಲಿ. ಎಲ್ಲೆ ಹೇಳುವ ಜಾಗಕ್ಕೆ ಬಂದೊಡನೆ ಭಾಷೆ ಹಳೆಯ ಇಂಗ್ಲಿಷಿಗೆ ತಿರುಗುತ್ತದೆ. ನಮ್ಮ ಗಂಗರ ತಾಮ್ರಪಟಗಳಲ್ಲೂ ಸಂಸ್ಕೃತದ ಪ್ರಶಸ್ತಿ ಮುಗಿದು ಸೀಮೆಯ ವಿವರ ಕನ್ನಡದಲ್ಲಿ ಬರುವುದುಂಟು. ಎಲ್ಲೆಯನ್ನು ನಡೆದು ತೋರಿಸುವವರು ಊರಿನವರು, ಹೆಸರು ಅವರ ಬಾಯಿಯದೇ ಆಗಬೇಕಿತ್ತು. ಇಂಗ್ಲೆಂಡಿನ ಆ ದಾನಪತ್ರಗಳಲ್ಲಿ 'ಸೂರನ್ ಅಪುಲ್ಡ್ರನ್' ಎಂದು ಬರುತ್ತದೆ: ಹುಳಿ ಸೇಬಿನ ಮರ. 'ಹಾರನ್ ಅಪುಲ್ಡ್ರನ್' ಎಂದೂ ಬರುತ್ತದೆ: ನರೆತ ಸೇಬಿನ ಮರ. ಕಲ್ಲುಹೂವು ಕವಿದು ಬೂದುಬಣ್ಣಕ್ಕೆ ತಿರುಗಿದ ಮರ ಎಂಬುದು ಒಂದು ಅರ್ಥ. 'ಹಾರ್' ಎಂಬುದು ಎಲ್ಲೆಯನ್ನೇ ಸೂಚಿಸುತ್ತದೆ ಎಂದು ವಾದಿಸುವವರೂ ಇದ್ದಾರೆ.

ಈ ಎರಡನೆಯ ಹೆಸರಿಗೆ ದೊಡ್ಡ ಚರಿತ್ರೆಯಿದೆ. 1066ರಲ್ಲಿ ಇಂಗ್ಲೆಂಡಿನ ದೊರೆ ಹ್ಯಾರಲ್ಡ್ ನಾರ್ಮಂಡಿಯ ವಿಲಿಯಮ್ಮನನ್ನು ಎದುರಿಸಿದ್ದು 'ನರೆತ ಸೇಬಿನ ಮರದ ಬಳಿ' ಎಂದು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ 'ಡಿ' ಪ್ರತಿ ಹೇಳುತ್ತದೆ. ನಾವು ಹೇಸ್ಟಿಂಗ್ಸ್ ಎಂದು ಓದಿದ ಯುದ್ಧಕ್ಕೆ ಆ ಲಿಪಿಕಾರ ಕೊಟ್ಟ ವಿಳಾಸ ಒಂದು ಮರ! ಅದು ಕಾಡುಸೇಬೇ ಎಂದು ಊಹಿಸಲು ಮನಸ್ಸು ಹಾತೊರೆಯುತ್ತದೆ. ಆದರೆ ಬರಹದಲ್ಲಿರುವುದು ಸೇಬಿನ ಮರ ಎಂದಷ್ಟೆ. ಊಹೆಯನ್ನು ಅನುವಾದದೊಳಕ್ಕೆ ನುಸುಳಿಸಬಾರದು.

'ಕ್ರ್ಯಾಬ್' ಎಂಬ ಹೆಸರು ಬರಹಕ್ಕೆ ಬಂದದ್ದು ಬಹಳ ತಡವಾಗಿ. ಸುಮಾರು 1440ರಲ್ಲಿ ನಾರ್ಫೋಕಿನ ಲಿನ್ನಿನ ಒಬ್ಬ ಸನ್ಯಾಸಿ ರಚಿಸಿದ ಇಂಗ್ಲಿಷ್-ಲ್ಯಾಟಿನ್ ನಿಘಂಟು 'ಪ್ರಾಂಪ್ಟೋರಿಯಂ ಪಾರ್ವುಲೋರಂ'ನಲ್ಲಿ ಅದಕ್ಕೆ ಹಣ್ಣಿನ ಅರ್ಥದಲ್ಲಿ ನಮೂದಿದೆ. ಉತ್ತರದ ಕಡೆ 'ಸ್ಕ್ರ್ಯಾಬ್' ಎಂಬ ರೂಪವಿತ್ತು. ಸ್ವೀಡಿಷ್ ಆಡುನುಡಿಯಲ್ಲಿ ಅದನ್ನು ಹೋಲುವ ಪದವಿರುವುದರಿಂದ ಮೂಲ ನಾರ್ಸ್ ಇರಬಹುದೆಂದು ಹಲವರು ಎಣಿಸುತ್ತಾರೆ. ಷೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್'ನಲ್ಲಿ ತುಂಟ ಕಿನ್ನರ ಪಕ್ ಮುದುಕಿಯ ಏಲ್ ಮದ್ಯದ ಬಟ್ಟಲಲ್ಲಿ ಸುಟ್ಟ ಕ್ರ್ಯಾಬ್ ಆಗಿ ಅಡಗುತ್ತೇನೆ ಎನ್ನುತ್ತಾನಲ್ಲ, ಅದು ಈ ಹಣ್ಣು. ಅದೇ ಪದಕ್ಕೆ ಏಡಿ ಎಂಬ ಅರ್ಥವೂ ಇದೆಯೆಂದು ಕನ್ನಡಿಸುವವರು ಅಲ್ಲಿ ಏಡಿಯನ್ನು ತರಬಾರದು.

ದಾಖಲೆಯ 'ಕ್ರ್ಯಾಬ್' ಎಲ್ಲವೂ ಅಪ್ಪಟ ಕಾಡುಮರವಲ್ಲ. ಯಾರೋ ತಿಂದೆಸೆದ ತೋಟದ ಸೇಬಿನ ಬೀಜ ಬೇಲಿಯಲ್ಲಿ ಮೊಳೆತು ಹುಳಿ ಹಣ್ಣು ಬಿಟ್ಟರೂ ಜನ ಅದನ್ನು ಹಾಗೇ ಕರೆದರು. ಇದು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಸಸ್ಯಶಾಸ್ತ್ರಜ್ಞ ಲಿನೇಯಸ್ಸೇ 1753ರಲ್ಲಿ ಕಾಡುಸೇಬನ್ನು ತೋಟದ ಸೇಬಿನ ಒಂದು ಬಗೆಯಾಗಿ ಎಣಿಸಿದ. ಚೆಲ್ಸಿಯ ಔಷಧಿವನದ ಫಿಲಿಪ್ ಮಿಲ್ಲರ್ 1768ರಲ್ಲಿ ಅದನ್ನು ಬೇರೆ ಪ್ರಭೇದ ಮಾಡಿದ. ಹತ್ತನೆಯ ಶತಮಾನದ ಲಿಪಿಕಾರನಿಂದ ಆ ವಿಂಗಡಣೆ ಕೇಳುವುದು ನ್ಯಾಯವಲ್ಲ. ಅವನಿಗೆ ಬೇಕಾಗಿದ್ದುದು ದೂರದಿಂದ ಗುರುತು ಸಿಗುವ ಮರ, ಊರೆಲ್ಲ ಒಪ್ಪುವ ಹೆಸರು.

ಆದ್ದರಿಂದ ನಮ್ಮ ಶಾಸನಗಳ ಸಸ್ಯನಾಮಗಳ ಪಟ್ಟಿ ಮಾಡುವಾಗ ಹೆಸರಿನ ಪಕ್ಕದಲ್ಲಿ ಇಂದಿನ ಲ್ಯಾಟಿನ್ ಹೆಸರನ್ನು ಅಂಟಿಸಿ ಮುಗಿಸಬೇಡಿ. ಆ ಮರ ಬರುವ ಸಾಲು, ದಿಕ್ಕು, ಒತ್ತಿನಲ್ಲೇ ಇರುವ ಕೆರೆ, ಹುತ್ತ, ಕಲ್ಲು ಎಲ್ಲವನ್ನೂ ಜೊತೆಗೆ ಬರೆದಿಡಿ. ಮೊದಲ ಗೋಷ್ಠಿಯ ಪ್ರಬಂಧಗಳು ಗಂಗರ ತಾಮ್ರಪಟಗಳನ್ನು ಕುರಿತವು. ಚರ್ಚೆ ಅಲ್ಲಿನ ಸೀಮೆಯ ಸಾಲುಗಳಿಂದಲೇ ಆರಂಭವಾಗಲಿ ಎಂದು ಕೋರುತ್ತೇನೆ.