ಇಲಿಯ ನಗುವೂ ಗೇಟಿನ ಹೊರಗಿನವರೂ
(ಕಾರ್ಮಿಕ ಕುಟುಂಬಗಳ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಲೈನು ಮನೆಗಳ ಮಕ್ಕಳ ಶಾಲಾಚೀಲದ ಮೇಲೆ ದೊಡ್ಡ ಕಿವಿಯ ಇಲಿಯೊಂದು ನಗುತ್ತಿರುವುದನ್ನು ತಾವೆಲ್ಲರೂ ಕಂಡಿದ್ದೀರಿ. ಅದರ ಹೆಸರು ಮಿಕ್ಕಿ ಮೌಸ್. 1928ರಲ್ಲಿ ಅಮೇರಿಕದಲ್ಲಿ ಹುಟ್ಟಿತು. ಬಿಡಿಸಿದವರು ಯಾರೆಂದು ಕೇಳಿದರೆ ವಾಲ್ಟ್ ಡಿಸ್ನಿ ಎನ್ನುತ್ತಾರೆ. ಆದರೆ ಮೊದಲ ಚಿತ್ರಗಳಲ್ಲಿ ಅದನ್ನು ಕೈಯಾರೆ ಬಿಡಿಸಿದವರು ಅಬ್ ಐವರ್ಕ್ಸ್ ಎಂಬ ಚಿತ್ರಕಾರರು. ಆ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮಕ್ಕಳ ಚೀಲ ಕಿತ್ತುಕೊಳ್ಳಿರೆಂದು ನಾವು ಹೇಳುವುದಿಲ್ಲ. ಇಲಿ ನಿಜಕ್ಕೂ ಚೆನ್ನಾಗಿದೆ. ಡಿಸ್ನಿಯವರ ಜಾಣತನವನ್ನೂ ಒಪ್ಪಬೇಕು. 1937ರಲ್ಲಿ ಸಾಲದ ಹೊರೆ ಹೊತ್ತು ‘ಸ್ನೋ ವೈಟ್’ ಚಿತ್ರ ಮಾಡಿ ಗೆದ್ದರು. ಸಿನೆಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಚಿತ್ರಕಾರರು ಬಿಡಿಸಿದ್ದನ್ನು ಪಾರದರ್ಶಕ ಹಾಳೆಗೆ ಇಳಿಸಿ ಬಣ್ಣ ತುಂಬಿದವರು ಹೆಚ್ಚಾಗಿ ಹೆಂಗಸರು. ಚಿಗುರು ಕೊಯ್ಯುವ ನಮ್ಮ ಸಹೋದರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೆರಳು ಚುರುಕು, ಕೂಲಿ ಕಡಿಮೆ.

1941ರಲ್ಲಿ ಕೆಲಸಗಾರರು ಸಂಘ ಕಟ್ಟತೊಡಗಿದರು. ಫೆಬ್ರವರಿಯಲ್ಲಿ ಡಿಸ್ನಿಯವರು ಎಲ್ಲರನ್ನೂ ಸೇರಿಸಿ, ತಾವು ಪಟ್ಟ ಕಷ್ಟಗಳನ್ನು ಹೇಳಿಕೊಂಡರು. ಗೊಣಗುವುದನ್ನು ಬಿಟ್ಟು ದುಡಿಯಿರಿ ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಮೇ ತಿಂಗಳಲ್ಲಿ ಆರ್ಟ್ ಬ್ಯಾಬಿಟ್ ಎಂಬ ಚಿತ್ರಕಾರರನ್ನೂ ಇನ್ನೂ ಕೆಲವರನ್ನೂ ಕೆಲಸದಿಂದ ತೆಗೆದರು. ಈ ಬ್ಯಾಬಿಟ್ ದೊಡ್ಡ ಸಂಬಳದವರು. ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೇನೂ ನಷ್ಟವಿರಲಿಲ್ಲ. ಆದರೂ ಸಣ್ಣ ಸಂಬಳದವರ ಜೊತೆ ನಿಂತರು. ಮೇ 29ರಂದು ಮುಷ್ಕರ ಆರಂಭವಾಯಿತು. ನೂರಾರು ಮಂದಿ ಗೇಟಿನ ಹೊರಗೆ. ಒಳಗೆ ಹೋದವರೂ ಬಹಳ ಮಂದಿ ಇದ್ದರು, ಅದನ್ನೂ ಹೇಳಿಬಿಡಬೇಕು. ಸರಕಾರ ನಡುವೆ ಬಂದು ಸಂಘಕ್ಕೆ ಮನ್ನಣೆ ದೊರೆಯಿತು. 1947ರಲ್ಲಿ ಡಿಸ್ನಿಯವರು ಅಮೇರಿಕದ ಸಂಸತ್ತಿನ ಸಮಿತಿಯ ಮುಂದೆ, ಆ ಮುಷ್ಕರ ಕಮ್ಯುನಿಸ್ಟರ ಕೆಲಸವೆಂದು ಸಾಕ್ಷಿ ನುಡಿದರು. ಕೂಲಿಯ ಮಾತು ಹಿಂದೆ ಬಿತ್ತು.

ಆಮೇಲೆ 1954ರಿಂದ ಅವರೇ ವಾರವಾರವೂ ಟೆಲಿವಿಷನ್ನಿನಲ್ಲಿ ಬಂದು ನಗುತ್ತಾ ಕಥೆ ಹೇಳತೊಡಗಿದರು. ದೇಶಕ್ಕೆಲ್ಲ ‘ಅಂಕಲ್ ವಾಲ್ಟ್’ ಆದರು. 1966ರಲ್ಲಿ ತೀರಿಕೊಂಡರೂ ಆ ಮುಖ ಉಳಿಯಿತು. ಅವರ ಸಹಿಯಂಥ ಅಕ್ಷರಗಳೇ ಕಂಪೆನಿಯ ಗುರುತಾದವು. ಆ ಮುಖ ಸದ್ದಿಲ್ಲದೆ ಪಾಠ ಹೇಳುತ್ತದೆ: ಎಲ್ಲವೂ ಒಬ್ಬನ ಕನಸಿನಿಂದ ಆಯಿತು, ಕಂಪೆನಿಯೆಂದರೆ ಒಂದು ಮನೆ, ಮನೆಯಲ್ಲಿ ಹಕ್ಕು ಕೇಳುವವನು ಮನೆಮುರುಕ.

ಈ ಪಾಠ ನಮಗೇನು ಹೊಸದೇ? ದೊರೆಯೇ ತಾಯಿ ತಂದೆ ಎಂದು ನಮ್ಮ ಹಿರಿಯರು ಕೈಮುಗಿದರು. ಚಳಿಗೆ ಕಂಬಳಿ ಕೊಟ್ಟರೆ, ಎಂಥ ದೊಡ್ಡ ಮನಸ್ಸೆಂದು ನಾವೂ ವರ್ಷವೆಲ್ಲಾ ಹೊಗಳಿದೆವು. ಮಳೆ ಚಳಿಗೆ ಕೊಡೆ, ಕಂಬಳಿ ಕೊಡಬೇಕೆಂದು ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಕೊಟ್ಟಿದ್ದರೆಂದು ನಮಗೆ ತಿಳಿದಾಗ, ಕಂಬಳಿ ಹರಿದು ಎಷ್ಟೋ ವರ್ಷವಾಗಿತ್ತು.